ಬಾಗ್ದಾದಿನವರಿಗೆ ಮೂರು ಗೋಲು ಹೊಡೆದ ನಮ್ಮೂರ ಹುಡುಗ

ಹುಡುಕಲು ಹೊರಟಿದ್ದು ಇಟಲಿಯವರನ್ನು, ಸಿಕ್ಕಿದ್ದು ಬೆಂಗಳೂರಿನವರು!

ಕತ್ರಿಗುಪ್ಪೆಯಲ್ಲಿ ಈಗ ಸಂಜೆಯಾದರೆ ಜೆರ್ಸಿಗಳ ಮೆರವಣಿಗೆ. ನೀರಿನ ಟ್ಯಾಂಕ್ ಕಡೆಯಿಂದ ಒಬ್ಬ ಮೆಸ್ಸಿ ಬರುತ್ತಾನೆ, ರಿಂಗ್ ರೋಡ್ ದಾಟಿಕೊಂಡು ಇಬ್ಬರು ರೊನಾಲ್ಡೊ ಬರುತ್ತಾರೆ. ಗಂಟೆಗಿಷ್ಟು ಅಂತ ದುಡ್ಡು ಕೂಡಿಸಿ, ಬಲೆ ಕಟ್ಟಿದ ಟರ್ಫಿನೊಳಗೆ ನುಗ್ಗುತ್ತಾರೆ. ಅನಿಲ್ ಕುಂಬ್ಳೆ ಓದಿದ ನ್ಯಾಷನಲ್ ಕಾಲೇಜು ಇಲ್ಲಿಂದ ಒಂದು ಆಟೋ ದೂರ. ಅಪ್ಪಟ ಕ್ರಿಕೆಟ್ ಸೀಮೆ ಇದು. ಇಂಥಲ್ಲಿ ಪಕ್ಕದ ಮನೆಯ ಹುಡುಗ ಒಂದು ಪ್ರಶ್ನೆ ಎಸೆದ: ‘ಅಂಕಲ್, ಈ ಆಂಚೆಲೊಟ್ಟಿ ಮುಂಚೆ ಆಡ್ತಿದ್ರಾ, ಇಲ್ಲಾ ಬರೀ ಕೋಚಾ?’

ಆಡ್ತಿದ್ರಾ ಅಂದರೆ? ಎಂಥ ಆಟ ಮಾರಾಯರೇ! ಕಾರ್ಲೊ ಆಂಚೆಲೊಟ್ಟಿ ಮಿಲಾನ್ ತಂಡದ ಮಧ್ಯಭಾಗದಲ್ಲಿ ಆಡುತ್ತ 1989 ಮತ್ತು 1990ರಲ್ಲಿ ಎರಡು ಸಲ ಯುರೋಪಿಯನ್ ಕಪ್ ಗೆದ್ದವರು. ಆಮೇಲೆ ಕೋಚ್ ಆಗಿ ಚಾಂಪಿಯನ್ಸ್ ಲೀಗನ್ನು ಐದು ಸಲ ಗೆದ್ದರು. 1994ರ ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯನ್ನು ಬ್ರೆಜಿಲ್ ಪೆನಾಲ್ಟಿಯಲ್ಲಿ ಸೋಲಿಸಿತಲ್ಲ, ಆಗ ಇಟಲಿಯ ಸಹಾಯಕ ಕೋಚ್ ಇದೇ ಆಂಚೆಲೊಟ್ಟಿ. 2025ರಲ್ಲಿ ಅದೇ ಬ್ರೆಜಿಲ್ ಇವರನ್ನು ಕರೆದು ತನ್ನ ತಂಡ ಒಪ್ಪಿಸಿತು!

ಇನ್ನೂ ಬೆರಗಿನ ಸಂಗತಿ ಇಟಲಿಯ ಏರ್ಪಾಡು. ಫ್ಲಾರೆನ್ಸ್ ನಗರದಲ್ಲಿ ಕೊವೆರ್ಚಾನೊ ಎಂಬ ಫುಟ್‌ಬಾಲ್ ಕೇಂದ್ರವಿದೆ, 1958ರಲ್ಲಿ ಶುರುವಾಗಿದ್ದು. ಎಷ್ಟೇ ದೊಡ್ಡ ಆಟಗಾರನಾಗಿರಲಿ, ದೊಡ್ಡ ತಂಡದ ಕೋಚ್ ಆಗಬೇಕಾದರೆ ಅಲ್ಲಿ ಹೋಗಿ ಬೆಂಚಿನ ಮೇಲೆ ಕೂತು ಓದಬೇಕು, ಪ್ರಬಂಧ ಬರೆದು ಒಪ್ಪಿಸಬೇಕು. ಆಂಚೆಲೊಟ್ಟಿ 1997ರಲ್ಲಿ ಬರೆದುಕೊಟ್ಟಿದ್ದು ಫುಟ್‌ಬಾಲ್‌ನ ನಾಳೆಗಳಲ್ಲಿ ಚುರುಕುತನ ಹೇಗೆ ಹೆಚ್ಚಬೇಕು ಎಂಬುದರ ಬಗ್ಗೆ. ಕಪ್ ಗೆದ್ದವರಿಗೂ ಪರೀಕ್ಷೆ ತಪ್ಪಿದ್ದಲ್ಲ.

ಅಲ್ಲಿಂದ ಹುಚ್ಚು ಹಿಡಿಯಿತು. ಇಟಲಿಯ ಇಂಥ ಆಟಗಾರರು ನಮ್ಮ ಕಡೆಗೂ ಬಂದಿದ್ದಾರಾ? ಬಂದಿದ್ದಾರೆ, ಅದೂ ಚೆನ್ನೈ ತನಕ! 2006ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸಿನ ಜಿದಾನ್ ತಲೆಯಿಂದ ಎದೆಗೆ ಗುದ್ದಿದ್ದು ಯಾರಿಗೆ ನೆನಪಿಲ್ಲ? ಗುದ್ದು ತಿಂದವರು ಮಾರ್ಕೊ ಮಟೆರಾಜಿ. ಅದೇ ಪಂದ್ಯದಲ್ಲಿ ಇಟಲಿಯ ಸಮಬಲದ ಗೋಲು ಹೊಡೆದವರೂ ಅವರೇ. ಅವರು 2014ರಲ್ಲಿ ಚೆನ್ನೈಯಿನ್ ತಂಡಕ್ಕೆ ಕೋಚ್ ಆಗಿ ಬಂದು, 2015ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಗೆಲ್ಲಿಸಿಕೊಟ್ಟರು. ಫೈನಲ್ ಗೋವಾದಲ್ಲಿ, ಗೋವಾ ತಂಡದ ಎದುರಿಗೇ, 3-2. ಕೊನೆಯ ಕ್ಷಣಗಳಲ್ಲಿ ಎರಡು ಗೋಲು!

ಬೆಂಗಳೂರಿಗೆ? ಇಲ್ಲಿಗೂ ಇಟಲಿಯ ಹೆಸರೊಂದು ಬಂದಿತ್ತು. ಮಾರ್ಕೊ ಪೆಜ್ಜಾಯೊಲಿ, ಇಟಲಿ ಮೂಲದವರು, ಹುಟ್ಟಿದ್ದು ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ. 2021ರಲ್ಲಿ ಬೆಂಗಳೂರು ಎಫ್‌ಸಿಯ ಕೋಚ್ ಆದರು. ಇವರ ಹಿಂದಿನ ಕತೆ ಕೇಳಿ. 2009ರಲ್ಲಿ 17 ವರ್ಷದೊಳಗಿನವರ ಯುರೋಪಿಯನ್ ಚಾಂಪಿಯನ್‌ಶಿಪ್ ಗೆದ್ದ ಜರ್ಮನಿಗೆ ಇವರೇ ಕೋಚ್. ಆ ತಂಡದಲ್ಲೊಬ್ಬ ಮಾರಿಯೊ ಗೊಟ್ಸೆ ಇದ್ದ. 2014ರ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಗೆಲುವಿನ ಗೋಲು ಹೊಡೆದನಲ್ಲ, ಅದೇ ಗೊಟ್ಸೆ! ಆದರೆ ನಮ್ಮ ಹಣೆಬರಹ ನೋಡಿ. ಕೊರೊನಾ ಕಾಲ, 2021-22ರ ಐಎಸ್‌ಎಲ್ ಪೂರ್ತಿ ಗೋವಾದಲ್ಲೇ ನಡೆಯಿತು. ನಮ್ಮ ಕಂಠೀರವ ಸ್ಟೇಡಿಯಂನಲ್ಲಿ ಆ ವರ್ಷ ಒಂದೂ ಐಎಸ್‌ಎಲ್ ಪಂದ್ಯವಿಲ್ಲ. 2022ರಲ್ಲಿ ಅವರು ಹೊರಟೇಹೋದರು.

ಕತೆ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ಕಣ್ಣಿಗೆ ಬಿತ್ತು ಒಂದು ಸ್ಕೋರು.

ಈಸ್ಟ್ ಬೆಂಗಾಲ್ 6, ಅಲ್ ಜವ್ರಾ 2. ವರ್ಷ 1993, ಏಷ್ಯನ್ ಕಪ್ ವಿನ್ನರ್ಸ್ ಕಪ್. ಅಲ್ ಜವ್ರಾ ಅಂದರೆ ಬಾಗ್ದಾದಿನ ಹೆಸರಾಂತ ಕ್ಲಬ್. 1986ರಲ್ಲಿ ವಿಶ್ವಕಪ್ ಆಡಿದ ದೇಶ ಇರಾಕ್. ಅಂಥ ದೇಶದ ದೊಡ್ಡ ತಂಡಕ್ಕೆ ಭಾರತದ ಕ್ಲಬ್ ಒಂದು ಆರು ಗೋಲು ಬಾರಿಸುವುದೇ? ಅದರಲ್ಲಿ ಮೂರು ಒಬ್ಬನದೇ! ಹ್ಯಾಟ್ರಿಕ್ ಹೊಡೆದವನ ಹೆಸರು ಕಾರ್ಲ್‌ಟನ್ ಚಾಪ್‌ಮನ್. ವಯಸ್ಸು 22. ಊರು? ಬೆಂಗಳೂರು!

ಆಂಚೆಲೊಟ್ಟಿಯ ಹಾಗೆಯೇ ಮಿಡ್‌ಫೀಲ್ಡರ್. ಆಂಚೆಲೊಟ್ಟಿಯ ಹಾಗೆಯೇ ಆಟ ಬಿಟ್ಟು ಕೋಚ್ ಆದವರು. ಕುಂಬ್ಳೆಯ 74ಕ್ಕೆ 10 ವಿಕೆಟ್ ಕತ್ರಿಗುಪ್ಪೆಯ ಯಾವ ಗೇಟಿನ ಮುಂದೆ ನಿಂತು ಕೇಳಿದರೂ ಬಾಯಿಪಾಠ. ಈ 6-2 ಯಾರಿಗೆ ಗೊತ್ತಿದೆ?

1971ರ ಏಪ್ರಿಲ್ 13ರಂದು ಹುಟ್ಟಿದ ಚಾಪ್‌ಮನ್ ಬೆಂಗಳೂರಿನ ಸದರ್ನ್ ಬ್ಲೂಸ್ ಕ್ಲಬ್ಬಿನಲ್ಲಿ ಆಡಿ, 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಅಲ್ಲಿಂದ ಕೋಲ್ಕತ್ತದ ಈಸ್ಟ್ ಬೆಂಗಾಲ್. 1995ರಲ್ಲಿ ಪಂಜಾಬಿನ ಫಗ್ವಾಡಾ, ಜೆಸಿಟಿ ತಂಡ. ಈ ಜೆಸಿಟಿಯ ಅಧ್ಯಾಯಕ್ಕೆ ಸಿನಿಮಾ ಮಾಡಬೇಕು! ಬಟ್ಟೆ ಗಿರಣಿಯೊಂದರ ತಂಡ. ಅದರಲ್ಲಿ ಚಿಕ್ಕಂದಿನಲ್ಲಿ ತ್ರಿಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರಿದ ಐ.ಎಂ. ವಿಜಯನ್. ಸಿಕ್ಕಿಂನ ಬೆಟ್ಟದ ಹಳ್ಳಿಯಿಂದ ಬಂದ ಬೈಚುಂಗ್ ಭುಟಿಯಾ. ಇವರಿಬ್ಬರ ಹಿಂದೆ ನಿಂತು ಚೆಂಡು ಒದಗಿಸುವ ಬೆಂಗಳೂರಿನ ಚಾಪ್‌ಮನ್. ದೇಶದ ಮೂರು ಮೂಲೆಯ ಮೂವರು ನಾಲ್ಕನೇ ಮೂಲೆಯಲ್ಲಿ ಒಂದೇ ಜೆರ್ಸಿ ತೊಟ್ಟು ನಿಂತಿದ್ದರು. 1996-97ರಲ್ಲಿ ದೇಶದ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ನಡೆದಾಗ ಗೆದ್ದದ್ದು ಇದೇ ತಂಡ. ಚಾಪ್‌ಮನ್ ಇದ್ದ ಕಾಲದಲ್ಲಿ ಜೆಸಿಟಿ ಗೆದ್ದ ಟೂರ್ನಿಗಳು 14.

ಭಾರತ ತಂಡದ ನಾಯಕರೂ ಆದರು. 1997ರ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಫೈನಲ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 5-1 ಗೆಲುವು. ಮಧ್ಯೆ ಕೇರಳದ ಎಫ್‌ಸಿ ಕೊಚ್ಚಿನ್‌ಗೆ ಆಡಿ, ಮತ್ತೆ ಈಸ್ಟ್ ಬೆಂಗಾಲಿಗೆ ಬಂದು, 2000-01ರಲ್ಲಿ ಅವರಿಗೂ ಲೀಗ್ ಗೆಲ್ಲಿಸಿ, ಅದೇ 2001ರಲ್ಲಿ ಬೂಟು ಕಳಚಿದರು. ಆಗಿನ್ನೂ 30.

ಇಷ್ಟೆಲ್ಲ ನಮಗೆ ಗೊತ್ತಾಗದೆ ಹೋದದ್ದಾದರೂ ಹೇಗೆ? ಆ ರಾಷ್ಟ್ರೀಯ ಲೀಗ್ ಈಗಿಲ್ಲ, 2007ರಲ್ಲಿ ಐ-ಲೀಗ್ ಬಂತು. ಎಫ್‌ಸಿ ಕೊಚ್ಚಿನ್ ಮುಚ್ಚಿತು. ಜೆಸಿಟಿ 2011ರಲ್ಲಿ ತಂಡವನ್ನೇ ವಿಸರ್ಜಿಸಿತು. ಆಡಿದ ಮನೆಗಳೇ ಬಿದ್ದುಹೋದರೆ ಗೋಡೆಯ ಮೇಲಿನ ಫೋಟೋ ಎಲ್ಲಿ ನೇತುಹಾಕುವುದು? ಬೆಂಗಳೂರಿನಲ್ಲಿ ಆಗ ಇದ್ದದ್ದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು. ದೊಡ್ಡ ಆಟ ಬೇಕೆಂದರೆ ಊರು ಬಿಡಲೇಬೇಕು. ಊರು ಬಿಟ್ಟವರನ್ನು ಊರು ಮರೆಯಿತು, ಅಷ್ಟೇ.

ನಮ್ಮ ಊರೆಂದರೆ ಎಂಥ ಊರು ಗೊತ್ತೇ! 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಪಂದ್ಯ, ಫ್ರಾನ್ಸ್ ಎದುರಾಳಿ, ನಮ್ಮವರಲ್ಲಿ ಬಹಳಷ್ಟು ಜನ ಬರಿಗಾಲಲ್ಲಿ. ಎರಡು ಪೆನಾಲ್ಟಿ ಕೈಬಿಟ್ಟು 1-2ರಲ್ಲಿ ಸೋತೆವು. ಆ ಒಂದು ಗೋಲು ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್, ಮುಂದೆ ಈಸ್ಟ್ ಬೆಂಗಾಲಿನ ಮುಂಚೂಣಿಯ ಐವರು ‘ಪಂಚಪಾಂಡವ’ರಲ್ಲೊಬ್ಬರು. ಹಲಸೂರಿನ ಹತ್ತಿರ ಗೌತಮಪುರಕ್ಕೆ ಹೋಗಿ ನೋಡಿ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ನಾಲ್ಕನೆಯ ಪ್ರತಿಮೆ ಪೆಲೆಯದು! ಚೆಂಡು ಸಮೇತ! ಕತ್ರಿಗುಪ್ಪೆಯಿಂದ ಹೊರಟರೆ ಊರೊಳಗೇ ಮುಟ್ಟಬಹುದಾದ ಬ್ರೆಜಿಲ್ ಅದು.

ಮತ್ತೆ ಚಾಪ್‌ಮನ್. ಆಟ ಬಿಟ್ಟ ಮರುವರ್ಷವೇ, 2002ರಲ್ಲಿ, ತಾವು ಕಲಿತ ಟಾಟಾ ಅಕಾಡೆಮಿಗೆ ಕಲಿಸಲು ಹೋದರು. ಆಮೇಲಿನದು ಊರೂರು ಅಲೆತ. ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೊ, ಕೋಲ್ಕತ್ತದ ಭವಾನಿಪುರ್, ದೆಹಲಿಯ ಸುದೇವ, 2017ರಲ್ಲಿ ಕೋಯಿಕ್ಕೋಡ್‌ನ ಕ್ವಾರ್ಟ್ಸ್ ತಂಡಕ್ಕೆ ತಾಂತ್ರಿಕ ನಿರ್ದೇಶಕ. ಒಂದೂ ಟೀವಿಯಲ್ಲಿ ಮಿಂಚುವ ತಂಡವಲ್ಲ. ಆದರೆ ವಾಹಿಂಗ್ಡೊ ನೋಡಿ! ಚಾಪ್‌ಮನ್ ಕಲಿಸಿಹೋದ ಮೇಲೆ, 2014-15ರಲ್ಲಿ, ಐ-ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂತು. ಆ ಹೊತ್ತಿಗೆ ಕೋಚ್ ಬೇರೆಯವರು, ಶ್ರೇಯವೂ ಅವರದೇ. ಆದರೂ ಅದಕ್ಕೂ ಮುಂಚೆ ಅಲ್ಲಿ ಹೋಗಿ ನಿಂತವರಲ್ಲಿ ಬೆಂಗಳೂರಿನವರೊಬ್ಬರಿದ್ದರು ಎನ್ನುವುದೇ ನನಗೆ ರೋಮಾಂಚನ.

ಚಾಪ್‌ಮನ್ ಇಟಲಿಯಲ್ಲಿ ಹುಟ್ಟಿದ್ದರೆ ಕೊವೆರ್ಚಾನೊದಲ್ಲಿ ಒಂದು ಬೆಂಚು ಸಿಗುತ್ತಿತ್ತು. ಆಟಗಾರ ಕೋಚ್ ಆಗುವ ದಾರಿಗೆ ಅಲ್ಲಿ ಮೈಲಿಗಲ್ಲುಗಳಿವೆ. ನಮ್ಮಲ್ಲೂ ಈಗ ಏಷ್ಯಾ ಒಕ್ಕೂಟದ ಸಿ, ಬಿ, ಎ, ಪ್ರೊ ಲೈಸೆನ್ಸುಗಳು ಬಂದಿವೆ. ಆದರೆ ಲೈಸೆನ್ಸ್ ಪಡೆದ ನಮ್ಮ ಹಳೆಯ ಆಟಗಾರನಿಗೆ ದೊಡ್ಡ ತಂಡದ ಬಾಗಿಲು ತೆರೆಯುವುದು ಅಪರೂಪ. 2013ರಲ್ಲಿ ಶುರುವಾದ ಬೆಂಗಳೂರು ಎಫ್‌ಸಿಯ ಪಟ್ಟಿಯನ್ನೇ ತೆಗೆಯಿರಿ. ಆಶ್ಲಿ ವೆಸ್ಟ್‌ವುಡ್, ಆಲ್ಬರ್ಟ್ ರೋಕಾ, ಕಾರ್ಲೆಸ್ ಕ್ವಾದ್ರತ್, ಪೆಜ್ಜಾಯೊಲಿ, ಸೈಮನ್ ಗ್ರೇಸನ್ ಮುಂತಾದವರು. ಗೆಲ್ಲಿಸಿದವರೂ ಇದ್ದಾರೆ, ಅವರ ಮೇಲೆ ಸಿಟ್ಟಿಲ್ಲ. ಚಾಪ್‌ಮನ್ ತಮ್ಮೂರಿನ ದೊಡ್ಡ ತಂಡದ ಬೆಂಚಿನಲ್ಲಿ ಕೂರಲಿಲ್ಲ ಎಂಬ ಹೊಟ್ಟೆಯುರಿ ಮಾತ್ರ ಇದೆ.

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲೇ ಹೃದಯಾಘಾತದಿಂದ ತೀರಿಕೊಂಡರು. 49 ವರ್ಷ. ಅವರು ಹೋದ ಎರಡೂವರೆ ವರ್ಷದೊಳಗೆ, 2023ರ ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಮುಂಚೆ ಗೆದ್ದಿದ್ದು 1968-69ರಲ್ಲಿ, ಇನ್ನೂ ಮೈಸೂರು ಎಂಬ ಹೆಸರಿದ್ದಾಗ.

ಹುಡುಗನಿಗೆ ಎಲ್ಲ ಹೇಳಿದೆ. ‘ಮೂರು ಗೋಲಾ? ಇರಾಕ್ ಟೀಮಿಗಾ?’ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಮಕ್ಕಳನ್ನು ಟರ್ಫಿಗೆ ಬಿಡಲು ಹೋಗುವ ಕತ್ರಿಗುಪ್ಪೆಯ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ತಿಂಗಳ ಫೀಸು ಎಷ್ಟು ಎಂದು ವಿಚಾರಿಸುವ ಮೊದಲು, ಸೀಟಿ ಹಿಡಿದು ನಿಂತ ಕೋಚ್ ಹತ್ತಿರ ಹೋಗಿ, ‘ಸರ್, ನೀವು ಯಾವ ಟೀಮಿಗೆ ಆಡ್ತಿದ್ರಿ?’ ಎಂದು ಕೇಳಿ. ಎಚ್‌ಎಎಲ್, ಐಟಿಐ ಅಂತ ಉತ್ತರ ಬಂದರೆ ಸ್ಕೂಟರ್ ಸ್ಟ್ಯಾಂಡ್ ಹಾಕಿ, ಹತ್ತು ನಿಮಿಷ ನಿಂತು ಕೇಳಿಸಿಕೊಳ್ಳಿ.