ಲಿಂಗತ್ವ ಗುರುತು ಮತ್ತು ಲೈಂಗಿಕ ಅಭಿಮುಖತೆ

ಲಿಂಗತ್ವ ಗುರುತು ಮತ್ತು ಲೈಂಗಿಕ ಅಭಿಮುಖತೆ ಮಾನವ ವ್ಯಕ್ತಿತ್ವಕ್ಕೆ ಸಂಬಂಧಿಸಿದ ಎರಡು ಭಿನ್ನ ಪರಿಕಲ್ಪನೆಗಳು. ತಾನು ಹೆಣ್ಣು, ಗಂಡು ಅಥವಾ ಇವೆರಡರಲ್ಲೂ ಸೇರದ ವ್ಯಕ್ತಿ ಎಂಬ ಆಂತರಿಕ ಅರಿವೇ ಲಿಂಗತ್ವ ಗುರುತು. ಯಾರ ಕಡೆಗೆ ಪ್ರೇಮ ಹಾಗೂ ದೈಹಿಕ ಆಕರ್ಷಣೆ ಉಂಟಾಗುತ್ತದೆ ಎಂಬುದು ಲೈಂಗಿಕ ಅಭಿಮುಖತೆ. ಮೊದಲನೆಯದು ‘ನಾನು ಯಾರು’ ಎಂಬುದಕ್ಕೆ ಉತ್ತರ. ಎರಡನೆಯದು ‘ನನ್ನ ಒಲವು ಯಾರತ್ತ’ ಎಂಬುದಕ್ಕೆ. ಎಲ್‌ಜಿಬಿಟಿಕ್ಯೂ ಎಂಬ ಒಂದೇ ಹೆಸರಿನಡಿ ಎರಡೂ ಬರುವುದರಿಂದ ಇವನ್ನು ಒಂದೇ ಎಂದು ಭಾವಿಸುವವರು ಬಹಳ. ಭಾರತದಲ್ಲಿ ಈ ವ್ಯತ್ಯಾಸಕ್ಕೆ ಕಾನೂನಿನ ಮಹತ್ವವೂ ಇದೆ.

ಮೂಲ ಪರಿಕಲ್ಪನೆಗಳು

ಜೈವಿಕ ಲಿಂಗ: ವರ್ಣತಂತು, ಹಾರ್ಮೋನು ಮತ್ತು ದೇಹರಚನೆಯ ಆಧಾರದ ಮೇಲೆ ಜನನದ ವೇಳೆ ದಾಖಲಾಗುವ ಲಿಂಗ. ಈ ಲಕ್ಷಣಗಳು ಗಂಡು ಅಥವಾ ಹೆಣ್ಣು ಎಂಬ ರೂಢಿಯ ವಿಂಗಡಣೆಗೆ ಪೂರ್ಣವಾಗಿ ಹೊಂದದೆ ಜನಿಸಿದವರನ್ನು ಅಂತರಲಿಂಗಿಗಳು ಎನ್ನಲಾಗುತ್ತದೆ.

ಲಿಂಗತ್ವ ಗುರುತು: ಜನನದ ವೇಳೆ ದಾಖಲಾದ ಲಿಂಗಕ್ಕೂ ಆಂತರಿಕ ಅರಿವಿಗೂ ಹೊಂದಿಕೆ ಇರುವವರು ಸಿಸ್‌ಜೆಂಡರ್, ಇಲ್ಲದವರು ಟ್ರಾನ್ಸ್‌ಜೆಂಡರ್. ಗಂಡೆಂದು ದಾಖಲಾಗಿ ಹೆಣ್ಣೆಂದು ಗುರುತಿಸಿಕೊಳ್ಳುವವರು ಟ್ರಾನ್ಸ್‌ಜೆಂಡರ್ ಮಹಿಳೆ. ಹೆಣ್ಣೆಂದು ದಾಖಲಾಗಿ ಗಂಡೆಂದು ಗುರುತಿಸಿಕೊಳ್ಳುವವರು ಟ್ರಾನ್ಸ್‌ಜೆಂಡರ್ ಪುರುಷ.

ಲಿಂಗತ್ವ ಅಭಿವ್ಯಕ್ತಿ: ಉಡುಗೆ, ನಡೆ, ಮಾತಿನ ಧಾಟಿಗಳ ಮೂಲಕ ಹೊರಗೆ ಕಾಣುವ ರೂಪ. ಇದರಿಂದ ವ್ಯಕ್ತಿಯ ಗುರುತನ್ನಾಗಲಿ ಒಲವನ್ನಾಗಲಿ ನಿರ್ಧರಿಸಲಾಗದು. ಯಕ್ಷಗಾನದ ಸ್ತ್ರೀವೇಷಧಾರಿಯು ರಂಗದ ಮೇಲೆ ಹೆಣ್ಣಾಗಿ ಕಂಡ ಮಾತ್ರಕ್ಕೆ ಅವರ ಲಿಂಗತ್ವ ಗುರುತು ಬದಲಾಗುವುದಿಲ್ಲ.

ಲೈಂಗಿಕ ಅಭಿಮುಖತೆ: ಭಿನ್ನಲಿಂಗದವರತ್ತ, ಸಮಾನಲಿಂಗದವರತ್ತ ಅಥವಾ ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಇರುವ ಆಕರ್ಷಣೆ. ಯಾರತ್ತಲೂ ಲೈಂಗಿಕ ಆಕರ್ಷಣೆ ಇಲ್ಲದಿರುವುದನ್ನು ಅಲೈಂಗಿಕತೆ ಎನ್ನುತ್ತಾರೆ.

ಇವು ಒಂದರಿಂದ ಒಂದು ಹುಟ್ಟುವಂಥವಲ್ಲ. ಪುರುಷನನ್ನು ಪ್ರೀತಿಸುವ ಟ್ರಾನ್ಸ್‌ಜೆಂಡರ್ ಮಹಿಳೆಯ ಒಲವು ಭಿನ್ನಲಿಂಗೀಯವಾದುದು. ಮಹಿಳೆಯನ್ನು ಪ್ರೀತಿಸಿದರೆ ಅವರು ಲೆಸ್ಬಿಯನ್. ಸಲಿಂಗಪ್ರೇಮಿ ಪುರುಷನು ಹೆಣ್ಣಾಗಲು ಬಯಸುತ್ತಾನೆ ಎಂಬ ತಿಳಿವಳಿಕೆಯೂ ತಪ್ಪು. ಅವನು ತನ್ನನ್ನು ಗಂಡೆಂದೇ ಗುರುತಿಸಿಕೊಳ್ಳುತ್ತಾನೆ.

ಎಲ್‌ಜಿಬಿಟಿಕ್ಯೂ

ಈ ಸಂಕ್ಷೇಪದ ಮೊದಲ ಮೂರು ಅಕ್ಷರಗಳು ಲೈಂಗಿಕ ಅಭಿಮುಖತೆಯನ್ನು ಸೂಚಿಸುತ್ತವೆ. ಲೆಸ್ಬಿಯನ್ ಎಂದರೆ ಮಹಿಳೆಯರತ್ತ ಒಲವುಳ್ಳ ಮಹಿಳೆ. ಗೇ ಎಂದರೆ ಮುಖ್ಯವಾಗಿ ಪುರುಷರತ್ತ ಒಲವುಳ್ಳ ಪುರುಷ. ಬೈಸೆಕ್ಷುಯಲ್ ಎಂದರೆ ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಒಲವುಳ್ಳವರು. ನಾಲ್ಕನೆಯ ಅಕ್ಷರ ಸೂಚಿಸುವ ಟ್ರಾನ್ಸ್‌ಜೆಂಡರ್ ಎಂಬುದು ಲಿಂಗತ್ವ ಗುರುತಿಗೆ ಸೇರಿದೆ. ಕ್ವೀರ್ ಎಂಬುದು ಇಂಗ್ಲಿಷಿನಲ್ಲಿ ಮೊದಲು ಹೀಯಾಳಿಕೆಯ ಪದವಾಗಿದ್ದು, ಅನಂತರ ಸಮುದಾಯವೇ ಅಭಿಮಾನದಿಂದ ತನ್ನದಾಗಿಸಿಕೊಂಡ ಪದ. ಅದು ಎರಡೂ ಅರ್ಥಗಳಲ್ಲಿ ಬಳಕೆಯಾಗುತ್ತದೆ.

ಕನ್ನಡದಲ್ಲಿ ಪದಬಳಕೆ

ಕನ್ನಡದ ‘ಲಿಂಗ’ ಪದವು ವ್ಯಾಕರಣದ ಲಿಂಗ, ದೇಹದ ಲಿಂಗ, ಸಾಮಾಜಿಕ ಲಿಂಗತ್ವ ಮೂರನ್ನೂ ಸೂಚಿಸುವುದರಿಂದ ಗೊಂದಲಕ್ಕೆ ಎಡೆಯಾಗುತ್ತದೆ. ಇದನ್ನು ನಿವಾರಿಸಲು ಸಾಮಾಜಿಕ ಅರ್ಥದಲ್ಲಿ ‘ಲಿಂಗತ್ವ’ ಎಂಬ ರೂಪ ಬಳಕೆಗೆ ಬಂದಿದೆ. ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಪದವೂ, ಸಲಿಂಗಪ್ರೇಮಿ ಮೊದಲಾದವರಿಗೆ ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಪದವೂ ಬಳಕೆಯಲ್ಲಿವೆ. ಎರಡನೆಯದನ್ನು ಎಲ್ಲರಿಗೂ ಅನ್ವಯಿಸುವುದೂ ಉಂಟು.

ಬೈಸೆಕ್ಷುಯಲ್ ಪದಕ್ಕೆ ಕೆಲವರು ಬಳಸುವ ‘ದ್ವಿಲಿಂಗಿ’ ಎಂಬುದು ಸಸ್ಯಶಾಸ್ತ್ರದಲ್ಲಿ ಕೇಸರ ಮತ್ತು ಶಲಾಕೆ ಎರಡೂ ಇರುವ ಹೂವಿಗೆ ಸಲ್ಲುವ ಪದ. ಅದು ದೇಹರಚನೆಯನ್ನು ಹೇಳುತ್ತದೆಯೇ ಹೊರತು ಒಲವನ್ನಲ್ಲ. ಆದ್ದರಿಂದ ‘ದ್ವಿಲಿಂಗಾಕರ್ಷಿತ’ ಎಂಬಂಥ ರೂಪ ಹೆಚ್ಚು ಸ್ಪಷ್ಟ. ‘ಸಲಿಂಗಕಾಮಿ’ ಎಂಬುದು ಸಂಬಂಧವನ್ನು ಕಾಮಕ್ಕಷ್ಟೇ ಸೀಮಿತಗೊಳಿಸುತ್ತದೆ ಎಂಬ ಕಾರಣಕ್ಕೆ ‘ಸಲಿಂಗಪ್ರೇಮಿ’ ಎಂಬುದನ್ನು ಹಲವರು ಬಳಸುತ್ತಾರೆ. ‘ನಪುಂಸಕ’ ಪದವನ್ನು ವ್ಯಕ್ತಿಗಳಿಗೆ ಅನ್ವಯಿಸುವುದು ಅವಮಾನಕರ.

ಮಂಗಳಮುಖಿ, ಹಿಜ್ರಾ, ಜೋಗಪ್ಪ, ಜೋಗತಿ ಎಂಬವು ಸಮುದಾಯ ಮತ್ತು ಸಂಪ್ರದಾಯಗಳಿಗೆ ಸಂಬಂಧಿಸಿದ ಹೆಸರುಗಳು. ಜೋಗಪ್ಪಂದಿರು ಸವದತ್ತಿಯ ಯಲ್ಲಮ್ಮನ ಆರಾಧನೆಯ ಪರಂಪರೆಗೆ ಸೇರಿದವರು. ಹೀಗಾಗಿ ಈ ಹೆಸರುಗಳನ್ನು ಎಲ್ಲ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೂ ಅನ್ವಯಿಸಲಾಗದು.

ವೈದ್ಯಕೀಯ ನಿಲುವು

ಅಮೆರಿಕನ್ ಮನೋವೈದ್ಯಕೀಯ ಸಂಘವು 1973ರಲ್ಲಿ ಸಲಿಂಗಪ್ರೇಮವನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ ಅದೇ ನಿರ್ಧಾರ ಕೈಗೊಂಡಿತು. ಲಿಂಗತ್ವ ಗುರುತಿಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತಂದ ಪರಿಷ್ಕೃತ ವರ್ಗೀಕರಣಕ್ಕೆ ಅದರ ಅನುಮೋದನೆ ದೊರೆತದ್ದು 2019ರಲ್ಲಿ.

ಭಾರತದ ಕಾನೂನಿನಲ್ಲಿ

1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಮು ‘ಪ್ರಕೃತಿಯ ನಿಯಮಕ್ಕೆ ವಿರುದ್ಧ’ವಾದ ಲೈಂಗಿಕ ಕ್ರಿಯೆಗಳನ್ನು ಅಪರಾಧವೆಂದು ಪರಿಗಣಿಸಿತ್ತು. 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಖಾಸಗಿ ಸಂಬಂಧಗಳನ್ನು ಇದರಿಂದ ಹೊರಗಿಟ್ಟಿತು. ಆದರೆ ಸರ್ವೋಚ್ಚ ನ್ಯಾಯಾಲಯವು 2013ರ ಡಿಸೆಂಬರ್ 11ರಂದು ಆ ತೀರ್ಪನ್ನು ರದ್ದುಪಡಿಸಿತು.

ಇದಾದ ನಾಲ್ಕೇ ತಿಂಗಳಲ್ಲಿ, 2014ರ ಏಪ್ರಿಲ್ 15ರಂದು, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠವು ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತು. ಲಿಂಗತ್ವ ಗುರುತು ಮತ್ತು ಲೈಂಗಿಕ ಅಭಿಮುಖತೆ ಬೇರೆ ಬೇರೆ ಎಂದು ತೀರ್ಪು ವಿವರಿಸಿತು; 377ನೆಯ ಕಲಮಿನ ಸಿಂಧುತ್ವದ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಪರಿಣಾಮವಾಗಿ ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಗುರುತಿಗೆ ಸಂವಿಧಾನದ ರಕ್ಷಣೆ ದೊರೆತರೂ, ಅದೇ ವ್ಯಕ್ತಿಯ ದಾಂಪತ್ಯ ಅಥವಾ ಪ್ರೇಮಸಂಬಂಧವು ಶಿಕ್ಷೆಯ ಭಯದಲ್ಲೇ ಉಳಿಯಿತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದ ತೀರ್ಪು ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಅಪರಾಧದ ವ್ಯಾಪ್ತಿಯಿಂದ ಮುಕ್ತಗೊಳಿಸಿತು.

ವಿವಾಹದ ವಿಷಯದಲ್ಲೂ ಈ ಭೇದ ನಿರ್ಣಾಯಕವಾಯಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲಿಲ್ಲ. ಆದರೆ ಭಿನ್ನಲಿಂಗೀಯ ಸಂಬಂಧದಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಆಗ ಜಾರಿಯಲ್ಲಿದ್ದ ಕಾನೂನುಗಳಡಿಯಲ್ಲೇ ಮದುವೆಯಾಗಬಹುದೆಂದು ಹೇಳಿತು.

ಕರ್ನಾಟಕದಲ್ಲಿ

ಕರ್ನಾಟಕ ಸರ್ಕಾರವು 2017ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗಾಗಿ ರಾಜ್ಯ ನೀತಿಯನ್ನು ರೂಪಿಸಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇಕಡಾ 1ರಷ್ಟು ಸಮತಲ ಮೀಸಲಾತಿ ಕಲ್ಪಿಸಲಾಯಿತು. ಜೋಗತಿ ನೃತ್ಯ ಕಲಾವಿದೆ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ ಮಂಜಮ್ಮ ಜೋಗತಿ ಅವರಿಗೆ ಅದೇ ವರ್ಷ ಪದ್ಮಶ್ರೀ ಪ್ರಶಸ್ತಿ ಸಂದಿತು. ಮೀಸಲಾತಿಯು ಲಿಂಗತ್ವ ಗುರುತನ್ನು ಆಧರಿಸಿದ್ದು, ಲೈಂಗಿಕ ಅಭಿಮುಖತೆಯ ಆಧಾರದ ಮೇಲೆ ದೊರೆಯುವುದಿಲ್ಲ.