ಮನೆಯಲ್ಲಿ ಕಲಿಯುವ ಮಗು ಮತ್ತು ಅಂತರಜಾಲ ಪಾಠ

ವಿಶಾಖಪಟ್ಟಣದ ಬಂದರು, ಉಕ್ಕಿನ ಕಾರ್ಖಾನೆ ಹಾಗೂ ನೌಕಾನೆಲೆ, ವಿಜಯವಾಡದ ರೈಲ್ವೆ ಮತ್ತು ವ್ಯಾಪಾರ, ಇವುಗಳ ನಿಮಿತ್ತ ಕನ್ನಡ ಕುಟುಂಬಗಳೂ ಆಂಧ್ರಪ್ರದೇಶದ ಈ ನಗರಗಳಲ್ಲಿ ನೆಲೆಸುವುದುಂಟು. ವರ್ಗಾವಣೆ, ಬೋಧನ ಮಾಧ್ಯಮದ ತೊಡಕು ಅಥವಾ ಮಗುವಿನ ಅನಾರೋಗ್ಯದಿಂದಾಗಿ ಕೆಲವು ಪಾಲಕರು ಅಂತರಜಾಲ ಪಾಠಗಳ ನೆರವಿನಿಂದ ಮನೆಯಲ್ಲಿಯೇ ಕಲಿಸಲು ಮುಂದಾಗುತ್ತಾರೆ. ಮೊದಲ ವಾರ ಉತ್ಸಾಹದಿಂದ ಕುಳಿತ ಮಗು ಕ್ರಮೇಣ ಬಾಯಾರಿಕೆ, ತಲೆನೋವು ಎಂದು ನೆಪ ಹೂಡಿ ಎದ್ದು ಹೋಗತೊಡಗುತ್ತದೆ.

ಇದನ್ನು ಸೋಮಾರಿತನವೆಂದು ತೀರ್ಮಾನಿಸುವುದು ಸರಿಯಲ್ಲ. ತರಗತಿಯಲ್ಲಿ ಮಕ್ಕಳ ಮುಖ ನೋಡಿಯೇ ಶಿಕ್ಷಕರು ಪಾಠದ ಗತಿಯನ್ನು ಬದಲಿಸುತ್ತಾರೆ. ಮುದ್ರಿತ ಪಾಠಕ್ಕೆ ಆ ಕಣ್ಣಿಲ್ಲ. ಐದನೆಯ ನಿಮಿಷದಲ್ಲಿ ಹಿಂದುಳಿದ ಮಗು ಉಳಿದ ಅರ್ಧ ಗಂಟೆ ಸುಮ್ಮನೆ ಪರದೆಯನ್ನು ನೋಡುತ್ತಿರಬೇಕಾಗುತ್ತದೆ. ಕನ್ನಡದಲ್ಲಿ ಓದಿದ ಮಗುವಿಗೆ ಪಾಠ ಇಂಗ್ಲಿಷಿನಲ್ಲಿಯೋ ತೆಲುಗಿನಲ್ಲಿಯೋ ಇದ್ದರೆ ಭಾರ ಇಮ್ಮಡಿ: ಪದವನ್ನೂ ತಿಳಿಯಬೇಕು, ವಿಷಯವನ್ನೂ ತಿಳಿಯಬೇಕು. ಆದುದರಿಂದ ಪಾಠಕ್ಕೆ ಮೊದಲೇ ಅದರ ಸಾರಾಂಶವನ್ನು ತಾಯಿ ಅಥವಾ ತಂದೆ ಕನ್ನಡದಲ್ಲಿ ಹೇಳಿಕೊಡುವುದು ಹಿತಕರ. ಕರ್ನಾಟಕದ ಪಠ್ಯಪುಸ್ತಕಗಳಲ್ಲಿರುವ ಕ್ಯೂಆರ್ ಸಂಕೇತಗಳ ಮೂಲಕ 2017ರಲ್ಲಿ ಆರಂಭವಾದ 'ದೀಕ್ಷಾ' ವೇದಿಕೆಯ ಕನ್ನಡ ಪಾಠಗಳನ್ನೂ ನೋಡಬಹುದು.

ಪಾಠದ ಅವಧಿಯೂ ಮುಖ್ಯ. ಕೇಂದ್ರ ಶಿಕ್ಷಣ ಇಲಾಖೆಯು 2020ರ ಜುಲೈನಲ್ಲಿ ಪ್ರಕಟಿಸಿದ 'ಪ್ರಜ್ಞತಾ' ಮಾರ್ಗಸೂಚಿಯು ಒಂದರಿಂದ ಎಂಟನೆಯ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳನ್ನು ಮೀರಬಾರದೆಂದು ಸೂಚಿಸಿತು. ಒಂಬತ್ತರಿಂದ ಹನ್ನೆರಡನೆಯ ತರಗತಿಗೆ ನಾಲ್ಕು ಅವಧಿಗಳು. ಶಾಲೆಗಳಿಗಾಗಿ ಹೇಳಿದ ಈ ಮಿತಿ ಮನೆಗೂ ಒಳ್ಳೆಯ ಅಳತೆಗೋಲು. ಬೆಳಗಿನಿಂದ ಸಂಜೆಯವರೆಗೆ ಪರದೆಯ ಮುಂದೆ ಕೂರಿಸುವುದೇ ಶಿಸ್ತೆಂಬ ಭಾವನೆಯನ್ನು ಪಾಲಕರು ಬಿಡಬೇಕು.

ಹತ್ತು ನಿಮಿಷಕ್ಕೊಮ್ಮೆ ಪಾಠವನ್ನು ನಿಲ್ಲಿಸಿ, ಕೇಳಿದ್ದನ್ನು ಮಗುವಿನ ಬಾಯಿಂದಲೇ ಹೇಳಿಸಬೇಕು. ಯಾವ ವಿಷಯ ಮೊದಲು ಎಂಬ ಆಯ್ಕೆಯನ್ನು ಅದಕ್ಕೇ ಬಿಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಪರದೆಯಲ್ಲಿ ಕಂಡದ್ದು ಕೈಗೂ ಕಾಲಿಗೂ ಎಟುಕಬೇಕು. ವಿಜಯವಾಡದ ಮಗು ನದಿಗಳ ಪಾಠವನ್ನು ಕೇಳಿದ ಸಂಜೆ ಪ್ರಕಾಶಂ ಬ್ಯಾರೇಜಿಗೆ ಹೋಗಿ ಅದರ 70 ಬಾಗಿಲುಗಳನ್ನು ಎಣಿಸಲಿ. ಆಲಮಟ್ಟಿಯಲ್ಲಿ ನಿಂತು ಮುಂದೆ ಹರಿದ ಕೃಷ್ಣೆಯೇ ಇಲ್ಲಿಗೆ ಬರುತ್ತಾಳೆ. ಮಹಾಬಲೇಶ್ವರದಿಂದ ಸಮುದ್ರದವರೆಗೆ ಅವಳ ದಾರಿಯನ್ನು ನಕ್ಷೆಯಲ್ಲಿ ಗೆರೆಯೆಳೆದು ತೋರಿಸುವ ಕೆಲಸವನ್ನು ಮಗುವಿಗೇ ಒಪ್ಪಿಸಿದರೆ, ಊರು ಬಿಟ್ಟು ಬಂದ ಬೇಸರವೂ ಕೊಂಚ ತಗ್ಗೀತು. ವಿಶಾಖಪಟ್ಟಣದ ಕಡಲತೀರದಲ್ಲಿ 'ಕುರ್ಸುರಾ' ಜಲಾಂತರ್ಗಾಮಿಯ ವಸ್ತುಸಂಗ್ರಹಾಲಯವಿದೆ. ತೊಟ್ಟಿಗಳಿಗೆ ನೀರು ತುಂಬಿಕೊಂಡು ಮುಳುಗುವ ನೌಕೆ, ಒತ್ತಡದ ಗಾಳಿಯಿಂದ ಆ ನೀರನ್ನು ಹೊರದೂಡಿ ಮೇಲೇಳುತ್ತದೆ. ಮನೆಗೆ ಬಂದು ಬಕೆಟಿನ ನೀರಿನಲ್ಲಿ ಖಾಲಿ ಸೀಸೆಯನ್ನೂ ತುಂಬಿದ ಸೀಸೆಯನ್ನೂ ಬಿಟ್ಟು ನೋಡಿದರೆ ತೇಲುವಿಕೆಯ ಪಾಠ ಮರೆಯುವಂಥದ್ದಲ್ಲ.

ಓರಗೆಯವರಿಲ್ಲದ ಕಲಿಕೆ ಬೇಗ ಸಪ್ಪೆಯಾಗುತ್ತದೆ. ಸಂಜೆ ಬೀದಿಯ ಮಕ್ಕಳೊಡನೆ ಆಟಕ್ಕೆ ಬಿಡುವುದು ಕಾಲಹರಣವಲ್ಲ. ತೆಲುಗು ಅಲ್ಲಿಯೇ ಬೇಗ ಬರುತ್ತದೆ.

ಪರೀಕ್ಷೆಯ ಚಿಂತೆಗೆ 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ದಾರಿಯಿದೆ. 14 ವರ್ಷ ತುಂಬಿದವರು ಅದರ ಮಾಧ್ಯಮಿಕ ಪರೀಕ್ಷೆಗೆ ಹೆಸರು ನೋಂದಾಯಿಸಿ, ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳೊಳಗೆ ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ಕನ್ನಡವನ್ನು ಭಾಷಾ ವಿಷಯವಾಗಿ ಆರಿಸಿಕೊಳ್ಳಲು ಅವಕಾಶವಿದೆ.

ಇಷ್ಟಾದರೂ ಮಗು ಪಾಠಕ್ಕೆ ಒಲಿಯದಿದ್ದರೆ ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸತಕ್ಕದ್ದು. ಬಳಿಕ ಶಾಲೆಯ ವಿಚಾರವನ್ನು ಸಂಕೋಚವಿಲ್ಲದೆ ಆಲೋಚಿಸಬೇಕು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಹೇಳುತ್ತದೆ. ನಡುವೆ ಶಾಲೆ ತಪ್ಪಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಪ್ರವೇಶ ಪಡೆಯಬಹುದು. ಹಿಂದುಳಿದ ಭಾಗಕ್ಕೆ ವಿಶೇಷ ತರಬೇತಿ ಪಡೆಯುವ ಹಕ್ಕೂ ಮಗುವಿಗಿದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸುವಂತಿಲ್ಲ.