ಉತಾರದ ಮೊದಲ ಹೆಸರು

ಬಾಗಲಕೋಟೆ ಜಿಲ್ಲೆಯ ಗುಡೂರಿನ ಸುತ್ತಮುತ್ತ ಅರಸರ ವಂಶಾವಳಿಗೆ ಕೊರತೆಯಿಲ್ಲ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಕವಿ ರವಿಕೀರ್ತಿ ಕ್ರಿ.ಶ. 634ರಲ್ಲೇ ಇಮ್ಮಡಿ ಪುಲಕೇಶಿಯ ಹಿರಿಯರನ್ನು ಸಾಲಾಗಿ ಹೆಸರಿಸಿದ್ದಾನೆ. ಅದೇ ಸೀಮೆಯಲ್ಲಿ ಮಡ್ಡಿ ಒಡೆದು ಹೊಲ ಮಾಡಿದವನು, ಬಾವಿ ತೋಡಿಸಿದವನು, ಬೇರೆ ಊರಿಂದ ಬಂದು ಕುಣಿಮಗ್ಗ ಹೂಡಿದವನು ಯಾರೆಂದು ಕೇಳಿದರೆ ಶಾಸನದಲ್ಲಿ ಉತ್ತರ ಸಿಗದು. ಸಿಕ್ಕರೆ ಮನೆಯ ಟ್ರಂಕಿನೊಳಗಿನ ಬಟ್ಟೆಗಂಟಿನಲ್ಲಿ ಸಿಗಬೇಕು: ಹೊಲದ ದಾಖಲೆಯ ನಕಲಾದ ಹಳೆಯ ಉತಾರ, ಕಂದಾಯ ಕಟ್ಟಿದ ಪಾವತಿ, ಅಣ್ಣತಮ್ಮಂದಿರು ಪಾಲಾದ ವಾಟ್ನಿ ಪತ್ರ, ಸಾಲ ತೀರಿದ ಮೇಲೆ ವಾಪಸು ಬಂದ ಕರಾರು. ಈ ಗಂಟನ್ನು ಬಿಚ್ಚಿದವರು ಸಾಮಾನ್ಯವಾಗಿ ಎಲ್ಲಕ್ಕಿಂತ ಹಳೆಯ ಉತಾರದಲ್ಲಿ ಕಂಡ ಹೆಸರನ್ನೇ ಮನೆತನದ ಮೂಲಪುರುಷ ಎಂದು ಹಿಡಿಯುತ್ತಾರೆ. ಇದು ಆತುರದ ತೀರ್ಮಾನವೆಂದು ನನ್ನ ವಾದ. ಉತಾರದ ಮೊದಲ ಹೆಸರು ಊರಿಗೆ ಮೊದಲು ಬಂದವನದಲ್ಲ, ಸರಕಾರ ಕಂದಾಯಕ್ಕಾಗಿ ಮೊದಲು ಹಿಡಿದವನದು. ಮನೆತನವನ್ನು ನಿಜವಾಗಿ ನೆಲೆಗೊಳಿಸಿದ ಜೀವ ಆ ಹೆಸರಿನ ಹಿಂದೆಯೋ ಪಕ್ಕದಲ್ಲೋ ಇರಬಹುದು.

ಆ ಕಾಗದ ಹುಟ್ಟಿದ ರೀತಿಯನ್ನು ನೋಡಿದರೆ ಇದು ತಿಳಿಯುತ್ತದೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಈ ಭಾಗ ಇಂಗ್ಲಿಷರ ಕೈಗೆ ಬಂತು, ಮುಂದೆ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಾಯಿತು. ಗೋಲ್ಡ್‌ಸ್ಮಿಡ್, ವಿಂಗೇಟರಂಥ ಅಧಿಕಾರಿಗಳು ರೂಪಿಸಿದ ಮುಂಬಯಿ ಸರ್ವೆಯಲ್ಲಿ 33 ಅಡಿ ಸರಪಳಿ ಎಳೆದು ಹೊಲ ಅಳೆದರು, 40 ಗುಂಟೆಗೆ ಒಂದು ಎಕರೆ ಎಂದರು, ಮಣ್ಣಿನ ಗುಣವನ್ನು ಆಣೆಯ ಲೆಕ್ಕದಲ್ಲಿ ಬೆಲೆಕಟ್ಟಿ 30 ವರ್ಷಕ್ಕೆ ಕಂದಾಯದ ಆಕಾರ ಗೊತ್ತುಮಾಡಿದರು. ಸರ್ವೆ ನಂಬರಿನ ಎದುರಿಗೆ ಬರೆದದ್ದು ಕಂದಾಯಕ್ಕೆ ಜವಾಬ್ದಾರನಾದವನ ಹೆಸರು. ಅವನ ತಮ್ಮಂದಿರು, ಅವನ ಹೊಲ ಮಾಡುತ್ತಿದ್ದ ಕೋರಿನವರು, ಅಡವು ಹಿಡಿದವರು ಯಾರೂ ಅಲ್ಲಿ ಬರಬೇಕಾದ ಅಗತ್ಯವಿರಲಿಲ್ಲ. ಇವರ ಹಕ್ಕುಗಳನ್ನೆಲ್ಲ ಕ್ರಮವಾಗಿ ಬರೆದಿಡುವ ಕಾಯಿದೆ ಮುಂಬಯಿ ಪ್ರಾಂತದಲ್ಲಿ ಬಂದದ್ದು 1903ರಲ್ಲಿ. ಅಪ್ಪನಿಂದ ಮಗನಿಗೆ, ಮಾರಿದವನಿಂದ ಕೊಂಡವನಿಗೆ ಹೆಸರು ದಾಟಿದ ನೋಂದುಗಳ ಸರಪಳಿ ಬಿಗಿಯಾಗಿ ಸಿಗುವುದು ಆ ಮೇಲೆಯೇ. ಆ ಸರಪಳಿಯ ತುದಿಯಲ್ಲಿ ಸಿಕ್ಕವನು ಊರಿಗೆ ಬಂದವನ ಮಗನಾಗಿರಬಹುದು, ಮೊಮ್ಮಗನೂ ಆಗಿರಬಹುದು.

ನಡುವೆ ಒಂದು ದೊಡ್ಡ ಬಿರುಕೂ ಇದೆ. 1876ರಿಂದ 78ರವರೆಗಿನ ಬರ ಕಲಾದಗಿ ಜಿಲ್ಲೆಯನ್ನು ಹಿಂಡಿಹಾಕಿತು. 1872ರ ಜನಗಣತಿಯಲ್ಲಿ 8 ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6.38 ಲಕ್ಷಕ್ಕೆ ಇಳಿಯಿತು. ಕೆಲವರು ಸತ್ತರು, ಕೆಲವರು ಊರು ಬಿಟ್ಟರು. ಮುಂಬಯಿ ಪದ್ಧತಿಯಲ್ಲಿ ರೈತ ರಾಜೀನಾಮೆ ಬರೆದುಕೊಟ್ಟು ಹೊಲ ಬಿಡಬಹುದಿತ್ತು, ಇನ್ನೊಬ್ಬ ಕಬೂಲಾತಿ ಬರೆದುಕೊಟ್ಟು ಅದನ್ನು ಹಿಡಿಯಬಹುದಿತ್ತು. ಬರದ ನಂತರದ ವರ್ಷಗಳ ಕಬೂಲಾತಿ ಗಂಟಿನಲ್ಲಿ ಸಿಕ್ಕರೆ ಅದನ್ನು ಸಾದಾ ಕಾಗದವೆಂದು ಬದಿಗಿಡಬಾರದು. ಎತ್ತು ಸತ್ತ, ಆಳು ಸಿಗದ, ಕರಿಕೆ ಹಬ್ಬಿದ ಎರಿ ಹೊಲಕ್ಕೆ ಮತ್ತೆ ಕುಂಟೆ ಹೂಡುತ್ತೇನೆಂದು ಒಬ್ಬ ಮನುಷ್ಯ ಸರಕಾರಕ್ಕೆ ಕೊಟ್ಟ ಮಾತು ಅದು. ಅಂಥವನನ್ನು ಆದಿಪುರುಷ ಎನ್ನಲು ಅವನು ಊರಿಗೆ ಮೊದಲಿಗನೇ ಆಗಿರಬೇಕಿಲ್ಲ. ಬೇರೊಬ್ಬರು ಬಿಟ್ಟುಹೋದ ನೆಲವನ್ನು ಮತ್ತೆ ಹೊಲ ಮಾಡಿದ್ದೂ ನೆಲೆಯೂರುವ ಕೆಲಸವೇ.

ಪಕ್ಕದಲ್ಲಿ ಮರೆಯಾದವರ ವಿಷಯಕ್ಕೆ ಬಂದರೆ, ಈ ಭಾಗದ ಹಳೆಯ ನೋಂದುಗಳಲ್ಲಿ ಬರುವ ಒಂದು ಸಣ್ಣ ಒಕ್ಕಣೆಯನ್ನು ಹತ್ತಿರದಿಂದ ನೋಡಬೇಕು. ಖಾತೇದಾರ ಮಯತನಾದ, ವಾರಸುದಾರ ಮಗ ಇನ್ನೂ ಅಜ್ಞಾನ, ಆದ್ದರಿಂದ ಮಗನ ಹೆಸರಿನ ಮುಂದೆ ‘ಅ.ಪಾ.ಕ. ತಾಯಿ’ ಎಂದು ಬರೆದು ಅವಳ ಹೆಸರು. ಅಜ್ಞಾನ ಪಾಲನ ಕರ್ತ, ಅಂದರೆ ವಯಸ್ಸಿಗೆ ಬರದ ಹುಡುಗನ ಪಾಲಕಿ. ಓದುವ ಕಣ್ಣು ಮಗನ ಹೆಸರಿಗೆ ಜಿಗಿಯುತ್ತದೆ, ತಾಯಿ ಅಲ್ಲೇ ಉಳಿಯುತ್ತಾಳೆ. ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ 1937ರ ಕಾಯಿದೆಗಿಂತ ಮೊದಲು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡನ ಪಾಲು ವಿಧವೆಗೆ ಬರುತ್ತಿರಲಿಲ್ಲ, ಹಾಗಾಗಿ ಕಾಗದದಲ್ಲಿ ಅವಳಿಗಿದ್ದ ಜಾಗ ಈ ಮೂರಕ್ಷರದಷ್ಟೇ. ಈಗ ಆ ನೋಂದಿನ ತಾರೀಖಿನಿಂದ ಹುಡುಗ ಪ್ರಾಯಕ್ಕೆ ಬಂದು ಅ.ಪಾ.ಕ. ತೆಗೆದುಹಾಕಿದ ತಾರೀಖಿನವರೆಗೆ ಎಷ್ಟು ವರ್ಷ ಎಂದು ಎಣಿಸಿ. ಆ ವರ್ಷಗಳ ಕಂದಾಯದ ಪಾವತಿಗಳು ಒಂದೂ ತಪ್ಪದೆ ಗಂಟಿನಲ್ಲಿವೆಯೇ ನೋಡಿ. ಕ್ಷೇತ್ರ ಮೊದಲಿನಷ್ಟೇ ಉಳಿದಿದ್ದರೆ ಆ ಅವಧಿಯಲ್ಲಿ ಬಿತ್ತಿಸಿದವಳು, ಕೋರಿನವನ ಹತ್ತಿರ ಲೆಕ್ಕ ಕೇಳಿದವಳು, ದಾಯಾದಿಗಳ ಒತ್ತಾಯಕ್ಕೆ ಮಣಿಯದೆ ಹೊಲ ಉಳಿಸಿದವಳು ಅವಳೇ ಎಂದು ಊಹಿಸಲು ಬಲವಾದ ಕಾರಣವಿದೆ. ಮೈದುನನೋ ತವರಿನವರೋ ನೆರವಾಗಿರಬಹುದಲ್ಲ ಎಂದು ಕೇಳಬಹುದು. ಖಂಡಿತ ಆಗಿರಬಹುದು. ಆದರೆ ಪಾಲಕನೆಂದು ಮೈದುನನ ಹೆಸರು ಬರದೆ ತಾಯಿಯ ಹೆಸರು ಬಂದಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಇಂಥ ಮನೆಗಳ ವಂಶವೃಕ್ಷದಲ್ಲಿ ಅವಳ ಹೆಸರೇ ಇಲ್ಲದಿರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಕಾಗದ ಎಟುಕದ ಕಾಲಕ್ಕೆ ಉತ್ತರ ಕರ್ನಾಟಕದಲ್ಲಿ ಇನ್ನೊಂದು ದಾರಿಯಿದೆ, ಹೆಳವರು. ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಹೊದ್ದು, ಗಂಟೆಯ ಸದ್ದಿನೊಡನೆ ಊರಿಗೆ ಬರುತ್ತಿದ್ದ ಇವರು ಈಗ ವಾಹನದಲ್ಲಿ ಬರುತ್ತಾರೆ. ಕೆಲಸ ಮಾತ್ರ ಅದೇ: ಒಕ್ಕಲು ಮನೆತನದ ಬೆಡಗು ಎಂಬ ಕುಲಗುರುತು, ಮೂಲ ಊರು, ಅಲ್ಲಿಂದ ಯಾವ ಯಾವ ಊರು ದಾಟಿ ಇಲ್ಲಿಗೆ ಬಂದರು, ಯಾರಿಗೆ ಯಾರು ಹುಟ್ಟಿದರು ಎಂದು ಹಾಡಿ ಹೇಳುವುದು, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸುವುದು, ಕಾಳು, ದನ, ರೊಕ್ಕ ಪಡೆದು ಮುಂದಿನ ಊರಿಗೆ ಹೋಗುವುದು. ಕೊಟ್ಟವರನ್ನು ಹೊಗಳುವವರ ಮಾತು ಸಾಕ್ಷಿಯಾಗುವುದು ಹೇಗೆ ಎಂಬ ಆಕ್ಷೇಪಣೆ ಹಳೆಯದು, ತೂಕವುಳ್ಳದ್ದು. ಹೊಗಳಿಕೆ ಇರುವುದು ನಿಜ, ಆದರೆ ಅದು ಕೂಡುವ ಜಾಗ ಬೇರೆ. ಹಿರಿಯನ ಶೌರ್ಯ, ಅವನಿಗೆ ದೇವರು ಒಲಿದ ಕಥೆ, ಅರಸ ಮೆಚ್ಚಿ ಕೊಟ್ಟ ಉಡುಗೊರೆ, ಇವೆಲ್ಲ ಉಬ್ಬಬಲ್ಲವು. ಬೆಡಗನ್ನು ಹಾಗೆ ಬದಲಿಸಲಾಗದು. ಅದರ ಮೇಲೆ ಹೆಣ್ಣು ಕೊಟ್ಟು ತರುವ ಸಂಬಂಧ ನಿಂತಿದೆ, ತಪ್ಪಿದರೆ ಬೀಗರ ಮನೆಯವರೇ ಹಿಡಿಯುತ್ತಾರೆ. ಬಂದ ಊರಿನ ಹೆಸರನ್ನೂ ಪರೀಕ್ಷಿಸಬಹುದು. ಈ ಸೀಮೆಯಲ್ಲಿ ಊರಿನ ಹೆಸರೇ ಅಡ್ಡಹೆಸರಾಗುವುದು ಸಾಮಾನ್ಯ, ಅದು ಅಂಟುವುದೂ ಊರು ಬಿಟ್ಟವರಿಗೆ. ಗುಡೂರಿನೊಳಗೆ ಕಮತಗಿ, ಬಾದಾಮಿ ಎಂಬ ಅಡ್ಡಹೆಸರು ಕಂಡರೆ ಅದು ಬಂದ ದಾರಿಯನ್ನು ಹೇಳುತ್ತದೆ, ಬೇರೆಡೆ ಗುಡೂರ ಎಂದು ಕರೆಸಿಕೊಳ್ಳುವವರು ಇಲ್ಲಿಂದ ಹೋದದ್ದನ್ನು ಹೇಳುತ್ತಾರೆ. ಹೆಳವ ಹೇಳಿದ ಊರು, ಮನೆಯ ಅಡ್ಡಹೆಸರು, ಮನೆದೇವರ ಗುಡಿ ಇರುವ ಊರು ಮೂರೂ ಕೂಡಿಬಂದರೆ ಅದನ್ನು ಕಟ್ಟುಕಥೆ ಎನ್ನಲು ಬರುವುದಿಲ್ಲ. ಹೆಳವನಿಗೆ ಕಂದಾಯದ ಗೊಡವೆಯಿಲ್ಲ, ಊರ ಕಂದಾಯದ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿಗೆ ಬೆಡಗಿನ ಗೊಡವೆಯಿರಲಿಲ್ಲ. ಬೇರೆ ಬೇರೆ ಉದ್ದೇಶಕ್ಕೆ ಬರೆದ ಇಬ್ಬರೂ ಒಂದೇ ಹೆಸರಿನಲ್ಲಿ ಸಂಧಿಸಿದಾಗ ಆ ಹೆಸರನ್ನು ನಂಬಬಹುದು. ಸಂಧಿಸದಿದ್ದಾಗ ದತ್ತಕವೋ, ಎರಡನೆಯ ಮದುವೆಯೋ, ಅಳಿಯತನಕ್ಕೆ ಬಂದು ನಿಂತವನೋ ನಡುವೆ ಇದ್ದಾನೆಯೇ ಎಂದು ಹುಡುಕಬೇಕು.

ಇದೆಲ್ಲ ಹೊಲವಿದ್ದವರ ಮಾತಾಯಿತು, ಇಲ್ಲದವರ ಗತಿಯೇನು ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ಗುಡೂರಿನಂಥ ನೇಕಾರರ ಊರಲ್ಲಿ ಅದನ್ನು ತಪ್ಪಿಸಿಕೊಳ್ಳಲಾಗದು. ಮಗ್ಗಕ್ಕೆ ಸರ್ವೆ ನಂಬರಿಲ್ಲ. ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವನ, ಕಂಡಿಕೆ ಸುತ್ತಿದವಳ ಹೆಸರು ಕಂದಾಯದ ಪುಸ್ತಕಕ್ಕೆ ಬೇಕಾಗಿರಲಿಲ್ಲ. ಅವರನ್ನು ಸಾವಕಾರನ ಕೀರ್ದಿಯಲ್ಲಿ, ನೇಕಾರರ ಸಹಕಾರಿ ಸಂಘದ ಶೇರುದಾರರ ಪಟ್ಟಿಯಲ್ಲಿ, ಸಾಲಿಯ ದಾಖಲಾತಿ ಪುಸ್ತಕದಲ್ಲಿ ಅರಸಬೇಕು. ಊರ ಚಾಕರಿಯ ದಲಿತ, ತಳವಾರ ಮನೆತನಗಳ ಹೆಸರು ವತನದ ಕಾಗದಗಳಲ್ಲಿವೆ. 1961ರ ಕಾಯಿದೆ ಆ ವತನಗಳನ್ನು ರದ್ದುಮಾಡಿ ಜಮೀನನ್ನು ಮರುಮಂಜೂರು ಮಾಡುವಾಗ ವಾರಸುದಾರರು ಯಾರೆಂಬ ವಿಚಾರಣೆ ನಡೆಯಬೇಕಾಯಿತು. ಪರರ ಹೊಲ ಉತ್ತವರಿಗಾದರೆ 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಸಲ್ಲಿಸಿದ ಅರ್ಜಿ, ಫಾರ್ಮ್ ನಂಬರ್ 7 ಇದೆ. ಎಷ್ಟು ವರ್ಷದಿಂದ, ಯಾರ ಕಾಲದಿಂದ ಈ ಹೊಲ ಮಾಡುತ್ತಿದ್ದೇವೆ ಎಂದು ಭೂನ್ಯಾಯಮಂಡಳಿಯ ಮುಂದೆ ಗೇಣಿದಾರರು ಕೊಟ್ಟ ಹೇಳಿಕೆಗಳಿಗೆ ಸಮನಾದ ದಾಖಲೆ ನನಗೆ ಬೇರೆ ಕಾಣದು. ಮಡ್ಡಿ ಒಡೆದವನು ಮಾಲೀಕನಾಗಿರಲಿಲ್ಲ ಎಂಬುದು ಅನೇಕ ಕಡೆ ಅಲ್ಲಿಯೇ ಮೊದಲ ಸಲ ಬರಹಕ್ಕೆ ಬಂತು.

ವಂಶ ಕೆದಕಿದರೆ ಜಾತಿಯ ಹಮ್ಮು ಬೆಳೆಯುತ್ತದೆ, ಆಸ್ತಿಯ ಜಗಳ ಎದ್ದು ಕೂಡುತ್ತದೆ ಎಂದು ಹೆದರುವವರಿದ್ದಾರೆ. ಒಂದೇ ಕಾಗದ ಹಿಡಿದು ಹೊರಟರೆ ಆ ಅಪಾಯ ಇದ್ದೇ ಇದೆ. ಎಲ್ಲ ಕಾಗದಗಳನ್ನೂ ಎದುರುಬದುರಿಟ್ಟು ಓದಿದವರಿಗೆ ಸಿಗುವುದು ವಲಸೆ ಬಂದವರು, ಸಾಲಗಾರರು, ವಿಧವೆಯರು, ಇನ್ನೊಬ್ಬರ ನೆಲದಲ್ಲಿ ದುಡಿದವರು. ಹಮ್ಮುಪಡಲು ಅಲ್ಲಿ ಹೆಚ್ಚೇನೂ ಇಲ್ಲ, ಋಣ ನೆನೆಯಲು ಬೇಕಾದಷ್ಟಿದೆ.

ಕೆಲಸಕ್ಕೆ ಕಾಲ ಮಾತ್ರ ಕಡಿಮೆ. 2009ರ ಮತ್ತು 2019ರ ನೆರೆಯಲ್ಲಿ ಮಲಪ್ರಭೆಯ ದಂಡೆಯ ಊರುಗಳ ಮನೆಗಳಿಗೆ ನೀರು ನುಗ್ಗಿತು. ಭೂಮಿ ಯೋಜನೆಯ ಕಂಪ್ಯೂಟರಿನಲ್ಲಿ ಪಹಣಿ ಸುಲಭವಾಗಿ ಸಿಗುತ್ತದೆ, ಕಬೂಲಾತಿಯೂ ವಾಟ್ನಿ ಪತ್ರವೂ ಅಲ್ಲಿ ಸಿಗುವುದಿಲ್ಲ. ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿಯ ಹಾಳೆಗಳನ್ನು ಓದಬಲ್ಲವರು ವಿರಳವಾಗುತ್ತಿದ್ದಾರೆ. ಊರು ಕಲಾದಗಿ, ವಿಜಾಪುರ, 1997ರಿಂದ ಬಾಗಲಕೋಟೆ ಎಂದು ಜಿಲ್ಲೆ ಬದಲಿಸಿದ್ದರಿಂದ ಹಳೆಯ ಕಡತ ಯಾವ ಕಚೇರಿಯಲ್ಲಿದೆ ಎಂದು ವಿಚಾರಿಸುವುದಕ್ಕೇ ಹೊತ್ತು ಹಿಡಿಯುತ್ತದೆ. ಹಾಗಾಗಿ ಮೊದಲು ಮನೆಯ ಗಂಟನ್ನು ಬಿಚ್ಚಿ ಹಾಳೆಯ ಎರಡೂ ಬದಿಯ ಫೋಟೊ ತೆಗೆಯಬೇಕು. ಹಿಂಬದಿಯ ಸ್ಟಾಂಪು, ಸಾಕ್ಷಿಯ ಹೆಬ್ಬೆಟ್ಟು, ಅಂಚಿನ ಷರಾ ಇವೆಲ್ಲ ತಾರೀಖು ಗುರುತಿಸಲು ಬೇಕು. ಸುಗ್ಗಿ ಮುಗಿದ ಮೇಲೆ ಹೆಳವ ಬಂದರೆ ಅವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ, ಅವನ ಒಪ್ಪಿಗೆ ಪಡೆದು, ಪುಸ್ತಕದಲ್ಲಿರುವ ಮನೆತನದ ಹಾಳೆಗಳನ್ನೂ ಹಾಡಿದ್ದನ್ನೂ ದಾಖಲು ಮಾಡಿಕೊಳ್ಳಬೇಕು. ಮನೆಗೆ ಬಂದ ಸೊಸೆಯಂದಿರ ಹೆಸರು, ತವರೂರುಗಳನ್ನು ಈ ಸಲ ಅದರಲ್ಲಿ ಬರೆಯಿಸುವುದನ್ನೂ ಮರೆಯಬಾರದು.